ಹೇವರ್ಡಿನ ಕೆರೆ, ಮಸ್ಕಿ ಮೀನು ಮತ್ತು ನನ್ನ ಜಿಪುಣತನ

"ತಾತ, ಈ ವೀಕೆಂಡ್ ಮಸ್ಕಿಗೆ ಹೋಗೋಣ, ನೀನೂ ಬಾ" ಅಂತ ಮೊಮ್ಮಗ ಕರೆದಾಗ ನನಗೆ ಥಟ್ಟನೆ ನೆನಪಾದದ್ದು ರಾಯಚೂರು ಜಿಲ್ಲೆಯ ಮಸ್ಕಿ. ಅಶೋಕನ ಹೆಸರಿರುವ ಶಾಸನ ಸಿಕ್ಕ ಊರು. ಮಿನ್ನಿಯಾಪೊಲಿಸ್‌ನಲ್ಲಿ ಕೂತಿರೋ ಈ ಹುಡುಗನಿಗೆ ಶಾಸನದ ಹುಚ್ಚು ಯಾವಾಗ ಹಿಡೀತು ಅಂತ ಆಶ್ಚರ್ಯಪಟ್ಟೆ. ಮಗ ನಕ್ಕು ನಕ್ಕು ಸಾಕಾಗಿ, "ಅಪ್ಪಾ, ಅದು ಊರಲ್ಲ, ಮೀನು. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೇವರ್ಡ್ ಅಂತ ಊರಿದೆ. ಇವನಿಗೆ ಅಲ್ಲಿ ಹೋಗಿ ಅದನ್ನ ಹಿಡೀಬೇಕಂತೆ" ಅಂದ.

ಮಸ್ಕಿಯ ಪೂರ್ತಿ ಹೆಸರು ಮಸ್ಕೆಲಂಜ್. ಹೆಸರಿನ ಮೂಲ ಅಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರ ಭಾಷೆ. ಉತ್ತರ ಅಮೆರಿಕದ ಸಿಹಿನೀರಿನ ದೊಡ್ಡ ಬೇಟೆ ಮೀನುಗಳಲ್ಲಿ ಇದೂ ಒಂದು. ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯ್ತುಂಬ ಸೂಜಿಯಂಥ ಹಲ್ಲು, ನಮ್ಮ ಮೊಮ್ಮಗನ ಎದೆಮಟ್ಟ ಬರುವಷ್ಟು ಉದ್ದ. 1955ರಿಂದ ಅದು ವಿಸ್ಕಾನ್ಸಿನ್‌ನ ರಾಜ್ಯ ಮೀನು. ಹಿಡಿಯೋದು ಎಷ್ಟು ಕಷ್ಟ ಅಂದ್ರೆ, ಅದಕ್ಕೆ 'ಹತ್ತು ಸಾವಿರ ಎಸೆತದ ಮೀನು' ಅಂತಲೇ ಅಡ್ಡಹೆಸರು.

ನನಗೂ ಗಾಳಕ್ಕೂ ಹಳೇ ನಂಟು. ನಮ್ಮೂರು ಕೊಳ್ಳೇಗಾಲದ ಕಡೆ, ಕಾವೇರಿ ದಂಡೆ. ನಮ್ಮಪ್ಪ ರಾಗಿಹಿಟ್ಟು ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಗಾಳಕ್ಕೆ ಮೆತ್ತಿ ಬಿಳಿಮೀನಿಗೆ ಕಾಯ್ತಿದ್ದರು. ಇಂಗ್ಲಿಷಿನವರು ಮಹಶೀರ್ ಅನ್ನೋದು ಅದನ್ನೇ. ನಾನು ಮಾತ್ರ ಸಾರಿಗೆ ಸಂಸ್ಥೆಯ ಡಿಪೋ ಸೇರಿದ ಮೇಲೆ ನದಿ ಕಡೆ ತಿರುಗಿ ನೋಡಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಗೇರ್‌ಬಾಕ್ಸ್ ಬಿಚ್ಚೋದು, ಜೋಡಿಸೋದು, ಇಷ್ಟೇ. ಆ ಗ್ರೀಸಿನ ಕೆಲಸ ಅಮೆರಿಕದಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ನಾನು ಮಾಡಿದ ಉಳಿತಾಯ

ಮೊದಲೇ ಒಪ್ಪಿಕೊಂಡುಬಿಡ್ತೀನಿ, ತಪ್ಪು ನನ್ನದು. ಸಾಮಾನು ತರೋಕೆ ಅಂತ ದೊಡ್ಡ ಅಂಗಡಿಗೆ ಹೋಗಿದ್ದೆವು. ಮಗ ದಪ್ಪನೆಯ ಒಂದು ರೀಲ್ ಕೈಗೆತ್ತಿಕೊಂಡ. ಬೆಲೆ ಮುನ್ನೂರು ಡಾಲರ್ ಹತ್ತಿರ. ಅಮೆರಿಕಕ್ಕೆ ಬರೋ ಎಲ್ಲ ಅಪ್ಪಂದಿರ ಹಾಗೆ ನನಗೂ ಡಾಲರನ್ನು ರೂಪಾಯಿಗೆ ಗುಣಿಸೋ ಚಟ. ಲೆಕ್ಕ ಹಾಕಿ ಎದೆ ಧಸಕ್ ಅಂತು. "ಹದಿಮೂರು ವರ್ಷದ ಹುಡುಗನಿಗೆ ಇಷ್ಟು ದುಡ್ಡಿನ ರೀಲಾ? ಸುಮ್ನೆ ಅದನ್ನ ಅಲ್ಲಿಡು. ಇದು ಸಾಕು" ಅಂತ ಪಕ್ಕದಲ್ಲಿದ್ದ ರಾಡು, ರೀಲು, ದಾರ ಎಲ್ಲ ಸೇರಿದ್ದ ಒಂದು ಸೆಟ್ ತೋರಿಸಿದೆ. ಅದು ಬಾಸ್ ಎನ್ನುವ ಸಣ್ಣ ಮೀನಿಗೆ ಮಾಡಿದ ಸೆಟ್. ಮಗ ಎರಡು ಸಲ ಬೇಡ ಅಂದ. ಅಪ್ಪನ ಮಾತು ಅಂತ ಸುಮ್ಮನಾದ. ಅಂಥವೇ ಎರಡು ತಂದೆವು.

ಆಗಸ್ಟ್ ಕೊನೆಯ ವಾರ, ಮೊಮ್ಮಗನಿಗೆ ಶಾಲೆ ಶುರುವಾಗುವ ಮುಂಚೆ ಹೊರಟೆವು. ಮಿನ್ನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗಿ, ಸೇಂಟ್ ಕ್ರಾಯ್ ನದಿ ದಾಟಿ, ಸ್ಪೂನರ್ ಎಂಬ ಪಟ್ಟಣದ ಮೇಲೆ ಹಾಯ್ದರೆ ಎರಡೂವರೆ ಮೂರು ಗಂಟೆಯಲ್ಲಿ ಹೇವರ್ಡ್. ದಾರಿ ತುಂಬ ಜೋಳದ ಹೊಲ, ಆಮೇಲೆ ಪೈನ್ ಮರ, ಬರ್ಚ್ ಮರ. ಹತ್ತಿರ ಬಂದಂತೆ ಪ್ರತಿ ತಿರುವಿಗೂ ಒಂದು ಕೆರೆ. ಮನೆಗಳ ಅಂಚೆಪೆಟ್ಟಿಗೆ ಕೂಡ ಮೀನಿನ ಆಕಾರ.

ಊರಿನಿಂದ ಪೂರ್ವಕ್ಕಿರುವ ಚಿಪ್ಪೆವಾ ಫ್ಲೋಯೇಜ್ ಎಂಬ ಜಲಾಶಯದ ದಡದಲ್ಲಿ ಒಂದು ಮರದ ಮನೆ, ಒಂದು ದೋಣಿ ಬಾಡಿಗೆಗೆ ಹಿಡಿದಿದ್ದೆವು. ಇದರ ವಿಸ್ತಾರ 15,000 ಎಕರೆಗೂ ಹೆಚ್ಚು. 1923ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿದಾಗ ಓಜಿಬ್ವೆ ಜನರ ಒಂದು ಹಳ್ಳಿ, ಅವರ ಸಮಾಧಿಗಳು, ಅವರು ದೋಣಿಯಲ್ಲಿ ಹೋಗಿ ಕೊಯ್ಯುತ್ತಿದ್ದ ಕಾಡು ಅಕ್ಕಿಯ ಬಯಲು ಎಲ್ಲ ನೀರಿನಡಿಗೆ ಹೋದವು. ಅವರು ಬೇಡ ಬೇಡ ಅಂದರೂ ಯಾರೂ ಕೇಳಲಿಲ್ಲ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಕಥೆ ಕೇಳಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ನೋಡೋಕೆ ಬಹಳ ಚೆಂದ. ಕೆಳಗೆ ಮಾತ್ರ ಹಳೇ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ನಡುನಡುವೆ ತೇಲುವ ಜೌಗು ದ್ವೀಪಗಳು. ಅವುಗಳಲ್ಲಿ ದೊಡ್ಡದೊಂದು ಗಾಳಿಗೆ ತೇಲಿಬಂದು ಸೇತುವೆಗೆ ಅಡ್ಡ ನಿಂತರೆ ಊರವರು ಹತ್ತಾರು ದೋಣಿ ತಂದು ಒಟ್ಟಿಗೆ ತಳ್ಳುತ್ತಾರಂತೆ. ನಮ್ಮ ತೇರು ಎಳೆದ ಹಾಗೆ ಅಂದುಕೊಂಡೆ.

ದಾರ ಕಿತ್ತ ಮಧ್ಯಾಹ್ನ

ಮಸ್ಕಿಗೆ ಹಾಕೋದು ಹುಳು ಅಲ್ಲ, ಲೂರ್. ಅಂದರೆ ಮೀನಿನ ಹಾಗೆ ಕಾಣುವ, ಕುಣಿಯುವ ನಕಲಿ ಆಹಾರ. ಬಾಸ್ ಮೀನಿನ ಲೂರ್ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಗಿದರೆ, ಮಸ್ಕಿಯದ್ದು ಎರಡು ಮೂರು ಔನ್ಸ್‌ನಿಂದ ಶುರು. ಎಂಟು ಔನ್ಸ್, ಅಂದರೆ ಕಾಲು ಕಿಲೋ ಹತ್ತಿರ ತೂಗುವುದು ಸಾಮಾನ್ಯ. ರಬ್ಬರಿನದ್ದು ಒಂದಿದೆ, ಪೂರ್ತಿ ಒಂದು ಪೌಂಡ್. ನಾವು ತಂದದ್ದು ಎರಡು ದೊಡ್ಡ ಲೋಹದ ಬಿಲ್ಲೆ ಗಿರಗಿರ ತಿರುಗುವ, ಹಿಂದೆ ಕುಚ್ಚು ಇರುವ ಬಕ್‌ಟೇಲ್. ಒಂದಕ್ಕೆ ಮೂವತ್ತು ಡಾಲರ್ ಮೇಲೆ.

ಬೆಳಿಗ್ಗೆ ಏಳಕ್ಕೆ ದೋಣಿ ಬಿಟ್ಟೆವು. ನಾನು ಬೀಸಿದ ನಾಲ್ಕನೆಯದೋ ಐದನೆಯದೋ ಎಸೆತ. ರೀಲಿನೊಳಗೆ 'ಕರ್ರ್' ಅಂತ ಸದ್ದು, ದಾರ ಹಕ್ಕಿಗೂಡಿನ ಹಾಗೆ ಸಿಕ್ಕಾಯ್ತು, ಮೇಲೆ 'ಟಪ್' ಅಂತು. ನಮ್ಮ ಲೂರ್ ಒಂದೇ ಗಾಳಿಯಲ್ಲಿ ಹೋಗಿ ಅಷ್ಟು ದೂರ ನೀರಿಗೆ ಬಿತ್ತು. ದಾರದ ಇನ್ನೊಂದು ತುದಿ ನನ್ನ ಕೈಯಲ್ಲಿ. "ಮೂವತ್ತು ಡಾಲರ್ ಹಕ್ಕಿ ಹಾರಿಹೋಯ್ತು" ಅಂತ ಮಗ ನಕ್ಕ. ನಾನು ಗುಣಾಕಾರ ಮಾಡೋಕೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊಮ್ಮಗನ ರೀಲಿನಿಂದ ಮರಳು ಅರೆಯುವಂಥ ಸದ್ದು ಬರತೊಡಗಿತು. ಹಿಡಿಕೆ ಲೊಡಲೊಡ. ಗೇರಿನ ಸದ್ದು ಕೇಳಿ ರೋಗ ಹೇಳುತ್ತಿದ್ದ ನನಗೆ ಅದು ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೆ 'ನಾನೇ ಕೊಡಿಸಿದ್ದು' ಅನ್ನೋ ಮುಜುಗರಕ್ಕೆ ಬಾಯಿ ಬಿಡಲಿಲ್ಲ. ಬೆಳಗಿನಿಂದ ದಾರ ಬೊಡ್ಡೆಗಳಿಗೆ ಉಜ್ಜಿ ಉಜ್ಜಿ ತುದಿ ನೂಲು ಬಿಟ್ಟಿತ್ತು. ಅದನ್ನೂ ನೋಡಿದ್ದೆ.

ಮೂರು ಗಂಟೆ ಸುಮಾರಿಗೆ ಜೊಂಡಿನ ಅಂಚಿನಲ್ಲಿ ನೀರು ಒಡೆಯಿತು. ಮೊಮ್ಮಗ 'ಹೋ!' ಅಂತ ಕೂಗಿ ರಾಡ್ ಎತ್ತಿದ. ಅಷ್ಟು ದೊಡ್ಡ ಮೀನನ್ನು ಬದುಕಿನಲ್ಲಿ ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಹಸಿರು ಮಿಶ್ರಿತ ಕಂಚಿನ ಬಣ್ಣ, ಹುಡುಗನ ತೊಡೆಯಷ್ಟು ದಪ್ಪ. ಅದು ತಲೆ ಕೊಡವಿದ್ದೇ ತಡ, ರೀಲಿನ ಹಿಡಿಕೆ ಹಿಮ್ಮುಖವಾಗಿ ಗರ್ರನೆ ತಿರುಗಿ ಹುಡುಗನ ಬೆರಳಿಗೆ ಬಡಿಯಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡನೇ ಸಲ ಕೊಡವಿತು. ದಾರ ಕಿತ್ತುಹೋಯಿತು.

ಯಾರೂ ಮಾತಾಡಲಿಲ್ಲ. ಹುಡುಗ ಮೀನು ಹೋಯಿತು ಅಂತ ಅಳ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಕಡೆ ತಿರುಗಿ ಕೇಳಿದ್ದು ಬೇರೆ: "ತಾತ, ಅದರ ಬಾಯಲ್ಲಿ ಎರಡು ಹುಕ್ ಇದೆ. ಇನ್ನು ಅದು ಊಟ ಹೆಂಗೆ ಮಾಡುತ್ತೆ?"

ಎರಡು ಹುಕ್ ಅಂದ್ರೆ ಒಂದೊಂದಕ್ಕೂ ಮೂರು ಮೊನೆ. ಏನು ಉತ್ತರ ಹೇಳಲಿ? ರಾತ್ರಿ ಮರದ ಮನೆಯ ಮುಂದೆ ಕೂತಿದ್ದೆವು. ಲೂನ್ ಎಂಬ ಹಕ್ಕಿ ಕೆರೆಯ ಮೇಲೆ ನೀಳವಾಗಿ ಕೂಗ್ತಾ ಇತ್ತು. ಹುಡುಗ ಊಟ ಬಿಟ್ಟು ಮಲಗಿದ್ದ. "ಅಪ್ಪಾ, ನಿಮ್ಮ ತಪ್ಪೇನಿಲ್ಲ ಬಿಡಿ" ಅಂತ ಮಗ ಅಂದ. ಅವನು ಹಾಗೆ ಅಂದಿದ್ದಕ್ಕೇ ತಪ್ಪು ಯಾರದ್ದು ಅಂತ ಇಬ್ಬರಿಗೂ ಸ್ಪಷ್ಟವಾಯಿತು.

ಅಂಗಡಿ ಯಜಮಾನರ ಪಾಠ

ಮರುದಿನ ಭಾನುವಾರ. ಊರಿನ ಒಂದು ಸಣ್ಣ ಅಂಗಡಿಗೆ ನಾನೇ ಎಲ್ಲರನ್ನೂ ಕರೆದುಕೊಂಡು ಹೋದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಮೊದಲು ಮಸ್ಕಿ ಹಿಡಿಸುವ ಗೈಡ್ ಆಗಿದ್ದವರು. ನಮ್ಮ ರೀಲನ್ನು ಕೌಂಟರಿನ ಮೇಲಿಟ್ಟೆ. ಅವರು ಹಿಡಿಕೆ ಎರಡು ಸುತ್ತು ತಿರುಗಿಸಿ, ಕಿವಿ ಹತ್ತಿರ ಹಿಡಿದು, ಮುಖ ಹಿಂಡಿದರು. ಅಲ್ಲೇ ನಮಗಿಬ್ಬರಿಗೂ ಸ್ನೇಹ ಆಯ್ತು. ನಾನು ಬಸ್ ಮೆಕ್ಯಾನಿಕ್ ಅಂತ ಮಗ ಹೇಳಿದ ಮೇಲಂತೂ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟುಬಿಟ್ಟರು.

ಬಿಚ್ಚಿ ನೋಡಿದರೆ ಎಲ್ಲ ಅರ್ಥವಾಯಿತು. ಒಳಗಿನ ಗೇರು ಮೆದು ಲೋಹ, ಹಲ್ಲಿನ ಅಂಚು ಸವೆದಿತ್ತು. ಹೊರಗಿನ ಚೌಕಟ್ಟು ಪ್ಲಾಸ್ಟಿಕ್ ಜಾತಿಯದ್ದು. ಭಾರ ಬಿದ್ದಾಗ ಚೌಕಟ್ಟು ಕೂದಲೆಳೆಯಷ್ಟು ಬಾಗಿದರೂ ಸಾಕು, ಎರಡು ಗೇರುಗಳು ಸರಿಯಾಗಿ ಕಚ್ಚೋದಿಲ್ಲ. ಗೇರ್‌ಬಾಕ್ಸ್ ಕೇಸಿಂಗ್ ಬಾಗಿದ ಬಸ್ಸಿನ ಕಥೆ ಇದೇ ಅಲ್ಲವಾ? ಹಿಡಿಕೆ ಹಿಂದಕ್ಕೆ ತಿರುಗದ ಹಾಗೆ ತಡೆಯೋಕೆ ಒಂದು ಬೇರಿಂಗ್ ಇರುತ್ತೆ, ಒಂದೇ ದಿಕ್ಕಿಗೆ ತಿರುಗುವಂಥದ್ದು. ಮೊಮ್ಮಗನ ಬೆರಳಿಗೆ ಹಿಡಿಕೆ ಬಡಿದದ್ದು ಅದು ಜಾರಿದ್ದರಿಂದ.

"ಮಸ್ಕಿ ಹಿಡಿದಾಗ ರೀಲು ಹಾಳಾಗೋದಲ್ಲ, ಹಿಡಿಯದೇ ಇರೋ ಗಂಟೆಗಳಲ್ಲಿ ಹಾಳಾಗೋದು" ಅಂದರು ಯಜಮಾನರು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ನಿಮಿಷಕ್ಕೆ ಒಂದು ಎಸೆತ ಅಂದರೂ ಎಂಟು ಗಂಟೆಗೆ 480. ಒಂದೊಂದು ಎಸೆತ 30 ಮೀಟರ್. ಹಿಡಿಕೆಯ ಒಂದು ಸುತ್ತಿಗೆ 60 ಸೆಂಟಿಮೀಟರ್ ದಾರ ಒಳಗೆ ಬರುತ್ತೆ ಅಂತಿಟ್ಟುಕೊಂಡರೆ 50 ಸುತ್ತು. ದಿನಕ್ಕೆ 24,000 ಸುತ್ತು, ಅದೂ ನೀರಿನಲ್ಲಿ ಪ್ರತಿರೋಧ ಕೊಡುವ ಎರಡು ಬಿಲ್ಲೆ ಎಳೆದುಕೊಂಡು. ಬಾಸ್ ಮೀನಿನ ರೀಲು ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಸ್ಕೂಟರಿಗೆ ಕಬ್ಬಿನ ಗಾಡಿ ಕಟ್ಟಿದ ಹಾಗೆ.

ಹಾಗಾದರೆ ಎಂಥದ್ದು ತಗೋಬೇಕು? ಅವರು ಶೆಲ್ಫಿನಿಂದ ಒಂದೊಂದಾಗಿ ಇಳಿಸಿದರು. ಶಿಮಾನೊದ ಟ್ರಾಂಕ್ಸ್, ಡೈವಾದ ಲೆಕ್ಸಾ, ಅಬು ಗಾರ್ಸಿಯಾದ ದುಂಡನೆ ಆಂಬಾಸಡರ್. ಹೆಸರಿಗಿಂತ ಅವರು ತೋರಿಸಿದ ಗುಣಗಳನ್ನು ಬರೆದುಕೊಂಡೆ. ಗಾತ್ರ 300 ಅಥವಾ 400 ಇರಬೇಕು. ಚೌಕಟ್ಟು ಅಲ್ಯೂಮಿನಿಯಂ ಆಗಿರಬೇಕು, ಗೇರು ಹಿತ್ತಾಳೆಯದ್ದಾದರೆ ಒಳ್ಳೇದು. ಹಿಡಿಕೆ ಉದ್ದ ಇರಬೇಕು, ತುದಿಯ ಗುಬುಟು ಅಂಗೈ ತುಂಬ ಸಿಗಬೇಕು. ಮೀನು ಎಳೆದಾಗ ದಾರವನ್ನು ಹದವಾಗಿ ಬಿಡುವ ಡ್ರ್ಯಾಗ್ 18ರಿಂದ 25 ಪೌಂಡ್ ತಡೆಯುವಂತಿರಬೇಕು, ಬಿಟ್ಟಾಗ ಜಗ್ಗಿ ಜಗ್ಗಿ ಬಿಡದೆ ಬೆಣ್ಣೆಯ ಹಾಗೆ ಬಿಡಬೇಕು.

ಗೇರ್ ರೇಷಿಯೋ ವಿಷಯ ಬಂದಾಗ ನಾನೇ ಮೇಷ್ಟ್ರಾದೆ. 5:1 ಅಂದ್ರೆ ಹಿಡಿಕೆ ಒಂದು ಸುತ್ತು, ಒಳಗಿನ ಸ್ಪೂಲು ಐದು ಸುತ್ತು. 7:1 ಇನ್ನೂ ಜೋರು. ಮೊಮ್ಮಗನಿಗೆ ಜೋರಿನದ್ದೇ ಬೇಕಿತ್ತು. "ಮಹದೇಶ್ವರ ಬೆಟ್ಟದ ಘಾಟಿ ಹತ್ತುವಾಗ ಡ್ರೈವರ್ ಟಾಪ್ ಗೇರ್ ಹಾಕ್ತಾನೇನೋ ಮಗಾ?" ಅಂದೆ. "ಲೋ ಗೇರ್" ಅಂದ. ದೊಡ್ಡ ಬಿಲ್ಲೆಯ ಬಕ್‌ಟೇಲ್ ಅಂದ್ರೆ ಘಾಟಿ. ಅದಕ್ಕೆ ಐದರ ಆಸುಪಾಸು. ಸುಲಭವಾಗಿ ಬರುವ ಲೂರಿಗೆ, ಸಡಿಲ ದಾರ ಬೇಗ ಸುತ್ತಿಕೊಳ್ಳಬೇಕಾದ ಕಡೆಗೆ ಏಳು. ಹುಡುಗನಿಗೆ 300ರ ಗಾತ್ರದ ಹೊಸ ರೀಲು ತಗೊಂಡೆವು. ದುಡ್ಡು ನಾನೇ ಕೊಟ್ಟೆ. ಮಗನಿಗೆ ಕೊಡೋಕೆ ಬಿಡಲಿಲ್ಲ.

ನನಗೆ ಅಂತ ಯಜಮಾನರು ಒಳಗಿಂದ ಒಂದು ಹಳೇ ಆಂಬಾಸಡರ್ 6500 ತಂದರು. ದಶಕಗಟ್ಟಲೆ ದುಡಿದ ರೀಲು. ಆ ಕಂಪನಿ ಸ್ವೀಡನ್ನಿನ ಸ್ವಾಂಗ್ಸ್ಟಾ ಎಂಬ ಊರಲ್ಲಿ 1921ರಲ್ಲಿ ಶುರುವಾದದ್ದು ಗಡಿಯಾರ ಕಾರ್ಖಾನೆಯಾಗಿ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿ, ಅಲ್ಲಿಂದ ರೀಲಿಗೆ ಬಂದವರು. ಪಕ್ಕದ ಮೂರು ಸ್ಕ್ರೂ ಕೈಯಲ್ಲೇ ತಿರುಗಿಸಿದರೆ ರೀಲು ಬಿಚ್ಚಿಕೊಂಡು ಅಂಗೈಗೆ ಬರುತ್ತೆ. "ಬಾಳಿಕೆ ಅಂದರೆ ಕೆಡದೇ ಇರೋದಲ್ಲ, ಕೆಟ್ಟಾಗ ರಿಪೇರಿ ಮಾಡೋಕೆ ಆಗೋದು" ಅಂದರು ಅವರು. ಡಿಪೋದ ಗೋಡೆ ಮೇಲೆ ಬರೆಸಬೇಕಾದ ಮಾತು.

ನೂರು ಪೌಂಡ್ ದಾರ ಯಾಕೆ?

ನಮ್ಮ ದಾರ 30 ಪೌಂಡಿನದ್ದು, ಅಂದರೆ ಹದಿಮೂರೂವರೆ ಕಿಲೋ ಭಾರ ತಡೆಯುವಂಥದ್ದು. ಅವರು ಕೊಟ್ಟದ್ದು 100 ಪೌಂಡಿನದ್ದು, ಸುಮಾರು 45 ಕಿಲೋ. 80ಕ್ಕಿಂತ ಕಡಿಮೆ ಬೇಡವೇ ಬೇಡ ಅಂದರು. ಮೀನು ಅಷ್ಟು ತೂಗುತ್ತಾ ಅಂತ ಕೇಳಿದೆ. ಇಲ್ಲವೇ ಇಲ್ಲ. ಇದೇ ಚಿಪ್ಪೆವಾ ಫ್ಲೋಯೇಜಿನಲ್ಲಿ 1949ರಲ್ಲಿ ಹಿಡಿದದ್ದು ಎನ್ನಲಾದ, ಜನ ಇವತ್ತಿಗೂ ಜಗಳ ಆಡುವ ದಾಖಲೆ ಮೀನೇ 69 ಪೌಂಡ್ 11 ಔನ್ಸ್. ಮತ್ತೆ ನೂರು ಯಾಕೆ?

ಎಸೆತಕ್ಕೋಸ್ಕರ. ಕಾಲು ಕಿಲೋ ಲೂರ್ ಗಾಳಿಯಲ್ಲಿ ಹಾರುವಾಗ ಸ್ಪೂಲು ಗಿರಗಿರ ತಿರುಗುತ್ತಿರುತ್ತೆ. ಲೂರಿಗಿಂತ ಸ್ಪೂಲು ಜೋರಾಗಿ ತಿರುಗಿದರೆ ದಾರ ಸಡಿಲವಾಗಿ ಸುತ್ತಿಕೊಂಡು ಸಿಕ್ಕಾಗುತ್ತೆ, ಸ್ಪೂಲು ಒಮ್ಮೆಗೇ ನಿಲ್ಲುತ್ತೆ. ಲೂರ್ ನಿಲ್ಲೋದಿಲ್ಲ. ಆ ಜಗ್ಗಿಗೆ ತೆಳು ದಾರ ಟಪ್ ಅನ್ನುತ್ತೆ. ನನ್ನ ಮೂವತ್ತು ಡಾಲರ್ ಹಕ್ಕಿ ಹಾರಿದ್ದು ಹೀಗೆ. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದೇ ಇಲ್ಲ ಎನ್ನಬಹುದು. ಗಾಳ ಕಚ್ಚಿಸೋಕೆ ಅದು ಒಳ್ಳೇದು, ಹೊಡೆತ ತಾಳೋಕೆ ಕೆಟ್ಟದ್ದು. ಮೇಲಾಗಿ ತೆಳು ಬ್ರೇಡ್ ಭಾರಕ್ಕೆ ತನ್ನದೇ ಸುತ್ತುಗಳ ನಡುವೆ ಹೂತು ಕೂರುತ್ತೆ, ಮುಂದಿನ ಎಸೆತಕ್ಕೆ ಅಡ್ಡಿ. ಬೊಡ್ಡೆಗೆ ಉಜ್ಜಿದಾಗ ಕೆಲವು ಎಳೆ ಹೋದರೂ ದಪ್ಪ ದಾರದಲ್ಲಿ ಇನ್ನಷ್ಟು ಎಳೆ ಉಳಿದಿರುತ್ತೆ.

ದಾರದ ತುದಿಗೆ ಲೀಡರ್, ಒಂದಡಿಗಿಂತ ಸ್ವಲ್ಪ ಉದ್ದ. 130 ಪೌಂಡಿನ ಫ್ಲೋರೋಕಾರ್ಬನ್ ಅಥವಾ ಉಕ್ಕಿನ ತಂತಿ. ಅದಿಲ್ಲದಿದ್ದರೆ ಆ ಹಲ್ಲು ಬ್ರೇಡನ್ನು ಕತ್ತರಿಯ ಹಾಗೆ ಕಡಿಯುತ್ತೆ.

ಊರಿಗೆ ಹೊರಡುವ ಮುಂಚೆ ಹೇವರ್ಡಿನ ಸಿಹಿನೀರು ಮೀನುಗಾರಿಕೆಯ ಹಾಲ್ ಆಫ್ ಫೇಮ್ ನೋಡಿದೆವು. ಅಂಗಳದಲ್ಲಿ 143 ಅಡಿ ಉದ್ದದ ಫೈಬರ್‌ಗ್ಲಾಸ್ ಮಸ್ಕಿ ನಿಂತಿದೆ, ನಾಲ್ಕೂವರೆ ಅಂತಸ್ತಿನ ಎತ್ತರ. ಹೊಟ್ಟೆಯೊಳಗಿಂದ ಮೆಟ್ಟಿಲು ಹತ್ತಿ ಬಾಯಲ್ಲಿ ನಿಂತು ಊರು ನೋಡಬಹುದು. ಹಲ್ಲುಗಳ ನಡುವೆ ಮೊಮ್ಮಗನನ್ನು ನಿಲ್ಲಿಸಿ ಫೋಟೋ ತೆಗೆದೆ. ಅವನು ನಗಲಿಲ್ಲ. ಹಳೇ ರೀಲುಗಳ ಗಾಜಿನ ಕಪಾಟಿನ ಮುಂದೆ ನಾನು ಒಂದು ಗಂಟೆ ನಿಂತೆ. ಕಾವೇರಿಯಲ್ಲಿ ನಮ್ಮಪ್ಪ ಕಾಯುತ್ತಿದ್ದ ಬಿಳಿಮೀನು ನೆನಪಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನದ್ದನ್ನು ಹಿಡಿದಿದ್ದರು. ಅಂಥ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನು ಅಂತ ಮಹಶೀರಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವಲ್ಲ, ಆ ಭಕ್ತಿಯಲ್ಲಿ ಸ್ವಲ್ಪ ಬೇರೆ ನದಿಗಳಿಗೂ ಹಂಚಬೇಕಿತ್ತು ಅನ್ನಿಸಿತು.

ಗ್ಯಾರೇಜಿನ ಮೂರು ವಾರ

ವಾಪಸ್ ಬಂದ ಮೇಲೆ ಸಂಜೆ ಹೊತ್ತು ಗ್ಯಾರೇಜೇ ನಮ್ಮ ಡಿಪೋ. ಸೊಸೆ ಹಳೇ ಟವೆಲ್, ಹಳೇ ಟೂತ್‌ಬ್ರಷ್ ಕೊಟ್ಟಳು. ಮೊಮ್ಮಗ ನನ್ನ ಹೆಲ್ಪರ್. ಆಂಬಾಸಡರನ್ನು ಬಿಚ್ಚಿ, ಪ್ರತಿ ಭಾಗವನ್ನು ಟವೆಲ್ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡೋದು ಕಲಿಸಿದೆ. ಗೇರಿಗೆ ಗ್ರೀಸು, ತೆಳ್ಳಗೆ. ಬೇರಿಂಗಿಗೆ ಎಣ್ಣೆ, ಒಂದೇ ಹನಿ. ಹಿಮ್ಮುಖ ತಡೆಯುವ ಬೇರಿಂಗಿಗೆ ಮಾತ್ರ ಗ್ರೀಸ್ ಮೆತ್ತಬಾರದು, ಮೆತ್ತಿದರೆ ಅದು ಹಿಡಿಯೋದಿಲ್ಲ, ಜಾರುತ್ತೆ. ದಾರವನ್ನು ಅತ್ತಿಂದಿತ್ತ ಹರಡಿ ಸುತ್ತುವ ಪುಟ್ಟ ತಿರುಪು ಹಲ್ಲಿನ ಕಂಬಿಯಲ್ಲಿ ಕಸ ಕೂರುತ್ತೆ. ಬ್ರಷ್ ಹಾಕಿ ಉಜ್ಜಬೇಕು.

ದಾರ ಸುತ್ತೋದರಲ್ಲೂ ಒಂದು ಗುಟ್ಟಿದೆ. ಬ್ರೇಡನ್ನು ನೇರ ಸ್ಪೂಲಿಗೆ ಕಟ್ಟಿದರೆ ಭಾರಕ್ಕೆ ಇಡೀ ಕಟ್ಟು ಸ್ಪೂಲಿನ ಮೇಲೆ ಜಾರುತ್ತೆ. ಡ್ರ್ಯಾಗ್ ಸಡಿಲ ಅಂತ ನಾವು ಬಿಗಿ ಮಾಡ್ತಾ ಕೂರ್ತೀವಿ. ಮೊದಲು ಸ್ವಲ್ಪ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಗಂಟು ಹಾಕಿ ಸುತ್ತಬೇಕು. ಸುತ್ತುವಾಗ ಒಬ್ಬರು ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಬೇಕು. ಲೀಡರಿಗೆ ಪಾಲೊಮಾರ್ ಗಂಟು. ದಾರವನ್ನು ಮಡಚಿ ಕಣ್ಣಿನೊಳಗೆ ತೂರಿಸಿ, ಸಡಿಲ ಗಂಟು ಹಾಕಿ, ಆ ಕುಣಿಕೆಯೊಳಗೆ ಇಡೀ ಲೀಡರನ್ನು ದಾಟಿಸಿ, ಉಗುಳು ಹಚ್ಚಿ ಬಿಗಿಯೋದು. ಒಣಗಂಟು ಬಿಗಿದರೆ ಉಜ್ಜಿ ಬಿಸಿಯಾಗಿ ದಾರ ಸೊರಗುತ್ತೆ. ಉಗುಳು ಅಂದ ತಕ್ಷಣ ಸೊಸೆ ಮುಖ ಸಿಂಡರಿಸಿದಳು. ಮೊಮ್ಮಗನಿಗೆ ಅದೇ ಇಷ್ಟವಾಯಿತು.

ಒಂದು ಸಂಜೆ ಗ್ಯಾರೇಜಿನ ಬಾಗಿಲಲ್ಲಿ ಮಗ ಸುಮ್ಮನೆ ನಿಂತಿದ್ದ. "ನನ್ನ ಸೈಕಲ್ಲು ಇವತ್ತಿಗೂ ರಿಪೇರಿ ಆಗಿಲ್ಲ ಅಪ್ಪ" ಅಂದ. ತಮಾಷೆಗೇ ಹೇಳಿದ್ದು. ಆದರೆ ಅವನಿಗೆ ಹನ್ನೆರಡು ವರ್ಷ ಇದ್ದಾಗಿನ ಆ ಸೈಕಲ್ಲು ನನಗೂ ನೆನಪಿತ್ತು. ಭಾನುವಾರ ಮಾಡ್ತೀನಿ ಅಂದಿದ್ದೆ. ಡಿಪೋದಲ್ಲಿ ಭಾನುವಾರ ಅನ್ನೋದೇ ಇರಲಿಲ್ಲ. "ಬಾ, ದಾರ ಹಿಡ್ಕೋ" ಅಂದೆ. ಬಂದು ಹಿಡಿದುಕೊಂಡ.

ಮತ್ತೆ ಕೆರೆಗೆ

ಸೆಪ್ಟೆಂಬರ್ ಕೊನೆಗೆ ಮತ್ತೆ ಹೋದೆವು. ಮೇಪಲ್ ಮರಗಳೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. ನೀರು ತಣ್ಣಗಾಗಿತ್ತು, ಅದೂ ಒಳ್ಳೆಯದೇ. ಕಡು ಬೇಸಿಗೆಯಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಿಳಿದವರು ಮಸ್ಕಿ ತಂಟೆಗೆ ಹೋಗೋದಿಲ್ಲ. ಹಿಡಿದು ಬಿಟ್ಟರೂ ಸುಸ್ತಾಗಿ ಸಾಯುತ್ತೆ.

ಈ ಸಲ ದೋಣಿಯಲ್ಲಿ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಗಾಳವನ್ನೇ ಕತ್ತರಿಸುವ ಕಟರ್ ಇದ್ದವು. ಇವಿಲ್ಲದೆ ಹೋಗಬಾರದು ಅಂತ ಅಂಗಡಿ ಯಜಮಾನರ ಕಟ್ಟಪ್ಪಣೆ. ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯವಾಗಿ 40 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳೋ ಹಾಗಿಲ್ಲ. ಅದಕ್ಕಿಂತ ದೊಡ್ಡದನ್ನೂ ಹೆಚ್ಚಿನವರು ಬಿಟ್ಟೇಬಿಡ್ತಾರೆ.

ನೀವು ಕೇಳಬಹುದು, ಬಿಡೋದಾದ್ರೆ ಹಿಡಿಯೋದ್ಯಾಕೆ ಅಂತ. ನಮ್ಮಪ್ಪ ಹಿಡಿದದ್ದು ಸಾರಿಗೆ. ಅದು ಅರ್ಥವಾಗುತ್ತೆ. ಇದು ನನಗೆ ಈಗಲೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಒಂದು ಗೊತ್ತಾಯಿತು. ಬಿಡೋದೇ ಆದರೆ, ದಾರ ಕಿತ್ತು ಬಿಡಬಾರದು. ಬೇಗ ದೋಣಿ ಹತ್ತಿರ ತಂದು, ಗಾಳ ತೆಗೆದು, ಬಾಯಿ ಖಾಲಿ ಮಾಡಿ ಬಿಡಬೇಕು. ಗಟ್ಟಿ ರೀಲು, ಗಟ್ಟಿ ದಾರ ನಮ್ಮ ಗೆಲುವಿಗಿಂತ ಹೆಚ್ಚಾಗಿ ಅದಕ್ಕೆ ಬೇಕು. ತೆಳು ದಾರದಲ್ಲಿ ಗಂಟೆಗಟ್ಟಲೆ ಆಡಿಸೋದು ಶೌರ್ಯ ಅಲ್ಲ.

ಶನಿವಾರ ಪೂರ್ತಿ ಬೀಸಿದೆವು. ಏನೂ ಇಲ್ಲ. ಎರಡು ಸಲ ಮೀನು ಲೂರಿನ ಹಿಂದೆ ದೋಣಿಯವರೆಗೂ ಬಂದು, ನಮ್ಮನ್ನು ನೋಡಿ, ಸಾಹೇಬರ ಹಾಗೆ ತಿರುಗಿ ಹೋಯಿತು. ಹಾಗೆ ಬಂದಾಗ ಲೂರನ್ನು ಮೇಲೆತ್ತದೆ, ರಾಡಿನ ತುದಿಯನ್ನು ನೀರಿಗಿಳಿಸಿ ದೋಣಿ ಪಕ್ಕದಲ್ಲಿ ಇಂಗ್ಲಿಷಿನ ಎಂಟು ಬರೆಯುವ ಹಾಗೆ ಎಳೆಯಬೇಕು. ಮೊಮ್ಮಗ ಪ್ರತಿ ಎಸೆತದ ಕೊನೆಗೂ, ಮೀನು ಇರಲಿ ಬಿಡಲಿ, ಎಂಟು ಬರೆದ. ನನ್ನ ಭುಜ ಬಿದ್ದುಹೋಗಿತ್ತು. ರೀಲುಗಳ ಸದ್ದು ಮಾತ್ರ ಬೆಳಿಗ್ಗೆ ಇದ್ದ ಹಾಗೇ ಸಂಜೆ ಇತ್ತು.

ಭಾನುವಾರ ಹೊರಡೋಕೆ ಅರ್ಧ ಗಂಟೆ ಇತ್ತು. ಹುಡುಗ ಎಂಟು ಬರೀತಿದ್ದ. ಎರಡನೇ ಸುತ್ತಿನಲ್ಲಿ ದೋಣಿಯ ಕೆಳಗಿಂದಲೇ ಒಂದು ನೆರಳು ಎದ್ದು ಬಂತು. ಬಾಯಿ ತೆರೆದದ್ದು ಕಂಡಿತು, ಬಿಳಿ. ರಾಡು ನೀರಿನವರೆಗೂ ಬಾಗಿತು. ನಾನು ಉಸಿರು ಹಿಡಿದು ಕೇಳಿಸಿಕೊಂಡದ್ದು ರೀಲಿನ ಸದ್ದನ್ನು. ಹಿಡಿಕೆ ಹಿಂದಕ್ಕೆ ಹೋಗಲಿಲ್ಲ. ಡ್ರ್ಯಾಗ್ ಸಣ್ಣಗೆ 'ಝೀ' ಅಂತ ಎರಡು ಮೊಳ ದಾರ ಬಿಟ್ಟು ನಿಂತಿತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಮಗ ಬಲೆ ಹಾಕಿದ.

ಬಲೆಯನ್ನು ನೀರಿನಲ್ಲೇ ಇಟ್ಟುಕೊಂಡೆವು. 37 ಇಂಚು. ಮೊದಲ ಸಲದ್ದಕ್ಕಿಂತ ಸಣ್ಣದು. ಒಂದು ಗಾಳ ಇಕ್ಕಳಕ್ಕೆ ಬಂತು, ಇನ್ನೊಂದು ಬರಲಿಲ್ಲ. ಕಟರ್‌ನಲ್ಲಿ ಮೊನೆ ಕತ್ತರಿಸಿದೆ. ಹುಡುಗ ಬಗ್ಗಿ ಬಾಯೊಳಗೆ ಬಹಳ ಹೊತ್ತು ನೋಡಿದ.

"ಅದೇ ಮೀನಾ ತಾತ?"

"ಅಲ್ಲ ಮಗಾ. ಇದು ಬೇರೆ."

"ಹೂಂ" ಅಂದ. ಬಾಲದ ಬುಡ ಹಿಡಿದು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡ. ಸ್ವಲ್ಪ ಹೊತ್ತಿಗೆ ಅದು ಕೈ ಕೊಡವಿ ಹೋಯಿತು. ಅವನ ಮುಖಕ್ಕೆಲ್ಲ ನೀರು ಎರಚಿತ್ತು. ಒರೆಸಿಕೊಳ್ಳದೆ, ಲೂರ್ ಬಿಚ್ಚಿ, ದಾರದ ತುದಿಯನ್ನು ಬೆರಳಲ್ಲಿ ಸವರಿ ನೋಡಿ, ಎರಡು ಮೊಳ ಕತ್ತರಿಸಿ ಹೊಸ ಗಂಟು ಹಾಕಿದ. ಯಾರೂ ಹೇಳಿರಲಿಲ್ಲ.

ನಾನು ಅಕ್ಟೋಬರಿನಲ್ಲಿ ಊರಿಗೆ ಬಂದೆ. ಚಳಿಗಾಲಕ್ಕೆ ಆ ಕೆರೆ ಹೆಪ್ಪುಗಟ್ಟುತ್ತೆ, ಇನ್ನು ಬೇಸಿಗೆವರೆಗೂ ಮಸ್ಕಿ ಇಲ್ಲ. ರೀಲು ಎತ್ತಿಡುವ ಮುಂಚೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಡು, ಒಳಗಿನ ವಾಷರುಗಳು ಒತ್ತಿಕೊಂಡೇ ಕೂತರೆ ಕೆಡುತ್ತವೆ ಅಂತ ಹೇಳಿ ಬಂದಿದ್ದೆ. ಮೊನ್ನೆ ಫೋನ್ ಮಾಡಿದ್ದ. ತಾನೇ ಬಿಚ್ಚಿ, ಒರೆಸಿ, ಜೋಡಿಸಿದ್ದಾನಂತೆ. "ತಾತ, ಒಂದ್ನಿಮಿಷ, ಕೇಳು" ಅಂತ ಫೋನನ್ನು ರೀಲಿನ ಹತ್ತಿರ ಹಿಡಿದು ಹಿಡಿಕೆ ತಿರುಗಿಸಿದ. ಎಂಟು ಸಾವಿರ ಮೈಲಿ ಆಚೆಯಿಂದ ಅದರ ಸದ್ದು ಬಂತು.

"ಒಂದು ಸ್ಕ್ರೂ ಸಡಿಲ ಇದೆ ನೋಡು" ಅಂದೆ.

ಇತ್ತಂತೆ.